ಬಾಗಿಲು ತೆರೆಯುವ ಮೊದಲೇ ಬೀಳುವ ಅಂತರ: ಸಣ್ಣ ಉದ್ಯಮಗಳ ಒಡೆತನ ಮತ್ತು ಉಳಿವಿನಲ್ಲಿ ಹೆಣ್ಣು–ಗಂಡು ವ್ಯತ್ಯಾಸ

ಮಹಿಳೆಯರ ಒಡೆತನದ ಸಣ್ಣ ಉದ್ಯಮಗಳು ಪುರುಷರ ಉದ್ಯಮಗಳಿಗಿಂತ ಚಿಕ್ಕವು, ಕಡಿಮೆ ಲಾಭದವು, ಬೇಗ ಬಾಗಿಲು ಹಾಕುವಂಥವು ಎಂಬ ಮಾತು ಬ್ಯಾಂಕಿನ ಸಾಲ ವಿಭಾಗದಿಂದ ಹಿಡಿದು ನೀತಿ ರೂಪಿಸುವವರ ಸಭೆಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಒಟ್ಟು ಅಂಕಿಗಳನ್ನಷ್ಟೇ ಮುಂದಿಟ್ಟುಕೊಂಡರೆ ಅನೇಕ ದೇಶಗಳಲ್ಲಿ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಅದೇ ಅಂಕಿಗಳಿಂದ ‘ಹೆಂಗಸರಿಗೆ ವ್ಯಾಪಾರ ಕೈಹತ್ತುವುದಿಲ್ಲ’ ಎಂಬ ತೀರ್ಮಾನಕ್ಕೆ ಜಿಗಿಯುವವರು ಮೂವತ್ತು ವರ್ಷಗಳಿಗೂ ಹೆಚ್ಚಿನ ಸಂಶೋಧನೆಯನ್ನು ಪಕ್ಕಕ್ಕೆ ತಳ್ಳಿ ಮಾತನಾಡುತ್ತಿರುತ್ತಾರೆ. ಆ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ಓದಿದರೆ, ವ್ಯತ್ಯಾಸದ ಬಹುಭಾಗ ಉದ್ಯಮ ಶುರುವಾಗುವ ದಿನಕ್ಕೆ ಮೊದಲೇ ತೀರ್ಮಾನವಾಗಿರುವುದು ಕಾಣುತ್ತದೆ. ಕೈಗೆ ಸಿಕ್ಕ ಬಂಡವಾಳ, ಹಿಂದಿನ ಕೆಲಸದ ಅನುಭವ, ಇಳಿಯಲು ಸಾಧ್ಯವಾದ ಕ್ಷೇತ್ರ, ಮನೆಯ ಹೊಣೆಯಿಂದ ಉಳಿದ ಸಮಯ, ಇವೆಲ್ಲ ಸೇರಿ ಆಕೆಯ ಉದ್ಯಮದ ಆಯಸ್ಸನ್ನು ಮೊದಲೇ ಅಳೆದಿಟ್ಟಿರುತ್ತವೆ.

ಒಡೆತನದ ಪ್ರಶ್ನೆಯಿಂದಲೇ ಆರಂಭಿಸಬೇಕು, ಏಕೆಂದರೆ ಯಾರನ್ನು ಒಡೆಯರೆಂದು ಎಣಿಸುತ್ತೇವೆ ಎಂಬುದರ ಮೇಲೆ ಮುಂದಿನ ಎಲ್ಲ ಲೆಕ್ಕವೂ ನಿಂತಿದೆ. ವಿಶ್ವಬ್ಯಾಂಕ್ ನಡೆಸುವ ಉದ್ಯಮ ಸಮೀಕ್ಷೆಗಳ ಪ್ರಕಾರ ಜಗತ್ತಿನಲ್ಲಿ ನೋಂದಾಯಿತ ಖಾಸಗಿ ಉದ್ಯಮಗಳ ಪೈಕಿ ಸುಮಾರು ಮೂರರಲ್ಲಿ ಒಂದರ ಮಾಲೀಕರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರುತ್ತಾಳೆ. ಆಡಳಿತದ ಚುಕ್ಕಾಣಿ ಹಿಡಿದ ಮಹಿಳೆಯರ ಪ್ರಮಾಣವನ್ನು ಕೇಳಿದರೆ ಅದು ಐದರಲ್ಲಿ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಈ ಎರಡು ಅಂಕಿಗಳ ನಡುವಿನ ಜಾಗದಲ್ಲಿ ಬಹಳಷ್ಟು ಸಂಗತಿಗಳು ಅಡಗಿವೆ. ತೆರಿಗೆಯ ಅನುಕೂಲಕ್ಕೋ ಸರ್ಕಾರಿ ಯೋಜನೆಯ ಸವಲತ್ತಿಗೋ ಹೆಂಡತಿಯ ಹೆಸರಿನಲ್ಲಿ ನೋಂದಣಿಯಾಗಿ ಗಂಡ ನಡೆಸುವ ಉದ್ಯಮಗಳಿವೆ. ಅದಕ್ಕೆ ವಿರುದ್ಧವಾಗಿ, ಖರೀದಿ, ಲೆಕ್ಕ, ಗಿರಾಕಿಗಳ ಸಂಭಾಳಿಕೆ ಎಲ್ಲವನ್ನೂ ಹೆಂಡತಿಯೇ ನೋಡಿಕೊಂಡರೂ ಕಾಗದದಲ್ಲಿ ಗಂಡನ ಹೆಸರಷ್ಟೇ ಇರುವ ಉದ್ಯಮಗಳೂ ಇವೆ, ಮತ್ತು ಇವು ಯಾವ ಸಮೀಕ್ಷೆಯಲ್ಲೂ ಮಹಿಳೆಯ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಜನಗಣತಿ ಸಂಸ್ಥೆ ಗಂಡು–ಹೆಣ್ಣು ಇಬ್ಬರೂ ಸಮಪಾಲು ಹೊಂದಿದ ಉದ್ಯಮಗಳನ್ನು ಪ್ರತ್ಯೇಕ ವರ್ಗವಾಗಿ ಎಣಿಸುತ್ತದೆ. ಅಂಥ ವರ್ಗವೇ ಇಲ್ಲದ ಕಡೆ ದಂಪತಿಯ ಉದ್ಯಮವು ಸಾಮಾನ್ಯವಾಗಿ ಪುರುಷನ ಖಾತೆಗೆ ಸೇರಿಬಿಡುತ್ತದೆ.

ಇನ್ನು ಉಳಿವಿನ ವಿಷಯ. ಮೊದಲು ನೆನಪಿಡಬೇಕಾದದ್ದು, ಸಣ್ಣ ಉದ್ಯಮದ ಬಾಳು ಯಾರ ಕೈಯಲ್ಲಿದ್ದರೂ ಗಟ್ಟಿಯಲ್ಲ. ಅಮೆರಿಕದ ಕಾರ್ಮಿಕ ಅಂಕಿ ಅಂಶಗಳ ಇಲಾಖೆಯ ದಾಖಲೆಗಳಲ್ಲಿ ಹೊಸ ಉದ್ಯಮಗಳ ಪೈಕಿ ಸುಮಾರು ಶೇ 20ರಷ್ಟು ಮೊದಲ ವರ್ಷದೊಳಗೆ, ಸುಮಾರು ಅರ್ಧದಷ್ಟು ಐದು ವರ್ಷದೊಳಗೆ ಮುಚ್ಚುತ್ತವೆ, ಮತ್ತು ಈ ಪ್ರಮಾಣ ದಶಕಗಳಿಂದ ಹೆಚ್ಚು ಕಡಿಮೆ ಹೀಗೆಯೇ ಇದೆ. ಹಾಗಾಗಿ ಮಹಿಳೆಯೊಬ್ಬಳ ಉದ್ಯಮ ನಾಲ್ಕನೇ ವರ್ಷ ಮುಚ್ಚಿದರೆ ಅದು ಮಹಿಳೆಯ ಕುರಿತು ಏನನ್ನೂ ಹೇಳುವುದಿಲ್ಲ. ಪಕ್ಕದ ಪುರುಷನ ಉದ್ಯಮವೂ ಅಷ್ಟೇ ಸುಲಭವಾಗಿ ಮುಚ್ಚಬಹುದಿತ್ತು. ಹೋಲಿಕೆ ಅರ್ಥಪೂರ್ಣವಾಗಬೇಕಾದರೆ ಒಂದೇ ಕ್ಷೇತ್ರದ, ಒಂದೇ ಗಾತ್ರದ, ಒಂದೇ ವಯಸ್ಸಿನ ಉದ್ಯಮಗಳನ್ನು ಎದುರುಬದುರು ಇಡಬೇಕು.

ಹಾಗೆ ಇಟ್ಟವರಿಗೆ ಸಿಕ್ಕ ಉತ್ತರ ಬಹುತೇಕ ಒಂದೇ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ 411 ಉದ್ಯಮಗಳನ್ನು, ಅಂದರೆ ಕಂಪ್ಯೂಟರ್ ಮಾರಾಟ ಮತ್ತು ಸಾಫ್ಟ್‌ವೇರ್, ಆಹಾರ ಮತ್ತು ಪಾನೀಯ, ಆರೋಗ್ಯ ಈ ಮೂರು ಕ್ಷೇತ್ರಗಳಲ್ಲಿದ್ದವನ್ನು, ಕೆಲವು ವರ್ಷಗಳ ಕಾಲ ಹಿಂಬಾಲಿಸಲಾಯಿತು. ಮಹಿಳೆಯರು ಮುನ್ನಡೆಸಿದ ಉದ್ಯಮಗಳು ಮುಚ್ಚುವ ಸಾಧ್ಯತೆ ಹೆಚ್ಚಿರಲಿಲ್ಲ, ಅವುಗಳ ಗಳಿಕೆಯ ಬೆಳವಣಿಗೆಯೂ ಹಿಂದೆ ಬಿದ್ದಿರಲಿಲ್ಲ. 2000ದಲ್ಲಿ ಸ್ವೀಡನ್ನಿನ ಸಾವಿರಾರು ಉದ್ಯಮಗಳನ್ನು ಇಟ್ಟುಕೊಂಡು ನಡೆಸಿದ ವಿಶ್ಲೇಷಣೆಯಲ್ಲೂ ಒಟ್ಟು ಅಂಕಿಯಲ್ಲಿ ಎದ್ದು ಕಂಡ ಹಿನ್ನಡೆ, ಕ್ಷೇತ್ರ ಮತ್ತು ಗಾತ್ರವನ್ನು ಗಣನೆಗೆ ತಂದೊಡನೆ ಬಹುಪಾಲು ಕರಗಿಹೋಯಿತು. ಅಮೆರಿಕದಲ್ಲಿ 2004ರಲ್ಲಿ ಹುಟ್ಟಿದ ಸುಮಾರು ಐದು ಸಾವಿರ ಉದ್ಯಮಗಳನ್ನು 2011ರವರೆಗೆ ವರ್ಷ ವರ್ಷವೂ ವಿಚಾರಿಸಿದ ಕೌಫ್‌ಮನ್ ಸಮೀಕ್ಷೆಯ ಮಾಹಿತಿಯನ್ನು ಬಳಸಿ ಅಲಿಸಿಯಾ ರಾಬ್ ಮತ್ತು ಜಾನ್ ವ್ಯಾಟ್ಸನ್ 2012ರಲ್ಲಿ ಬರೆದ ಪ್ರಬಂಧದ ತೀರ್ಮಾನವೂ ಇದೇ ದಿಕ್ಕಿನದು: ಗಾತ್ರವನ್ನೂ ಅಪಾಯವನ್ನೂ ಲೆಕ್ಕಕ್ಕೆ ಹಿಡಿದ ಅಳತೆಗೋಲಿನಿಂದ ನೋಡಿದರೆ ಮಹಿಳೆಯರ ಮತ್ತು ಪುರುಷರ ಉದ್ಯಮಗಳ ಸಾಧನೆಯಲ್ಲಿ ವ್ಯತ್ಯಾಸವಿಲ್ಲ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ‘ಹಾಗಾದರೆ ಸಮಸ್ಯೆಯೇ ಇಲ್ಲವಲ್ಲ’ ಎಂದು ನಿಟ್ಟುಸಿರು ಬಿಡುವವರು ಮೊದಲಿನವರಷ್ಟೇ ದೊಡ್ಡ ತಪ್ಪು ಮಾಡುತ್ತಾರೆ. ಗಾತ್ರ, ಕ್ಷೇತ್ರ, ದುಡಿಮೆಯ ತಾಸುಗಳು ಇವನ್ನೆಲ್ಲ ಸಮನಾಗಿಸಿದಾಗ ಅಂತರ ಮಾಯವಾಗುತ್ತದೆ ಎಂದರೆ, ಸಾಮರ್ಥ್ಯದಲ್ಲಿ ಅಂತರವಿಲ್ಲ ಎಂಬುದು ಸಿದ್ಧವಾಯಿತು, ನಿಜ. ಆದರೆ ಬದುಕಿನಲ್ಲಿ ಯಾರೂ ಅವನ್ನು ಸಮನಾಗಿಸಿ ಕೊಟ್ಟಿರುವುದಿಲ್ಲ. ಮಹಿಳೆಯ ಉದ್ಯಮ ಚಿಕ್ಕದಾಗಿ ಆರಂಭವಾಗುವುದು, ಪೈಪೋಟಿ ಹೆಚ್ಚಿದ್ದು ಲಾಭ ತೆಳುವಾಗಿರುವ ಕ್ಷೇತ್ರಕ್ಕೇ ಆಕೆ ಇಳಿಯುವುದು, ದಿನಕ್ಕೆ ಕಡಿಮೆ ಹೊತ್ತು ಕೊಡಲು ಸಾಧ್ಯವಾಗುವುದು, ಇವು ಆಕಸ್ಮಿಕಗಳಲ್ಲ. ರಾಬರ್ಟ್ ಫೇರ್ಲಿ ಮತ್ತು ಅಲಿಸಿಯಾ ರಾಬ್ 2009ರಲ್ಲಿ ಅಮೆರಿಕದ ಮಾಲೀಕರ ಕುರಿತ ಗಣತಿ ಮಾಹಿತಿಯನ್ನು ಬಿಡಿಸಿ ನೋಡಿದಾಗ, ಮಹಿಳೆಯರ ಉದ್ಯಮಗಳು ಹಿಂದುಳಿದದ್ದಕ್ಕೆ ಆರಂಭದ ಬಂಡವಾಳದ ಕೊರತೆಯೂ, ಅದೇ ಬಗೆಯ ಕೆಲಸದಲ್ಲಿ ಅಥವಾ ಕುಟುಂಬದ ಉದ್ಯಮದಲ್ಲಿ ಮೊದಲೇ ದುಡಿದು ಪಡೆದ ಅನುಭವದ ಕೊರತೆಯೂ ಮುಖ್ಯ ಕಾರಣಗಳಾಗಿ ಕಂಡವು. ಅಂದರೆ ಸಂಖ್ಯಾಶಾಸ್ತ್ರದಲ್ಲಿ ನಾವು ‘ನಿಯಂತ್ರಿಸಿ’ ಬದಿಗಿಡುವ ಅಂಶಗಳಲ್ಲೇ ಅನ್ಯಾಯದ ಬೇರು ಇದೆ. ಹಸಿ ಅಂಕಿ ಮಹಿಳೆಯನ್ನು ದೂರುತ್ತದೆ, ಹೀಗೆ ಸಮನಾಗಿಸಿ ಪಕ್ವಗೊಳಿಸಿದ ಅಂಕಿ ವ್ಯವಸ್ಥೆಯನ್ನು ಕ್ಷಮಿಸಿಬಿಡುತ್ತದೆ. ಈ ಕಾರಣಕ್ಕೇ ಎರಡನ್ನೂ ಜೊತೆಯಾಗಿ ಓದಬೇಕೆಂಬುದು ನನ್ನ ಒತ್ತಾಯ.

ಬಂಡವಾಳದ ಕತೆಯನ್ನು ಹತ್ತಿರದಿಂದ ನೋಡೋಣ. ಸಾಲ ನಿರಾಕರಣೆ ಎಂದರೆ ಅರ್ಜಿಯ ಮೇಲೆ ‘ತಿರಸ್ಕೃತ’ ಎಂಬ ಮುದ್ರೆ ಬೀಳುವುದೆಂದೇ ನಾವು ಕಲ್ಪಿಸಿಕೊಳ್ಳುತ್ತೇವೆ. ವಾಸ್ತವದಲ್ಲಿ ತಾರತಮ್ಯ ಅಷ್ಟು ಒರಟಾಗಿ ಕೆಲಸ ಮಾಡುವುದು ಕಡಿಮೆ. ಟರ್ಕಿಯ 334 ಸಾಲ ಅಧಿಕಾರಿಗಳ ಮುಂದೆ ನಿಜವಾದ ಸಾಲದ ಅರ್ಜಿಗಳನ್ನಿಟ್ಟು, ಅರ್ಜಿದಾರರು ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಯಾದೃಚ್ಛಿಕವಾಗಿ ಬದಲಿಸಿ ನಡೆಸಿದ ಪ್ರಯೋಗವೊಂದಿದೆ. ಮಂಜೂರಾತಿಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಕಡತ, ಅದೇ ಲೆಕ್ಕಪತ್ರ, ಅದೇ ವಹಿವಾಟು ಇದ್ದರೂ ಅರ್ಜಿದಾರಳು ಮಹಿಳೆ ಎಂದು ತೋರಿಸಿದಾಗ ಜಾಮೀನುದಾರರನ್ನು ಕರೆತರಬೇಕೆಂದು ಕೇಳುವ ಸಾಧ್ಯತೆ ಶೇ 26ರಷ್ಟು ಏರಿತು. ಇದನ್ನು ಹೆಚ್ಚಾಗಿ ಕೇಳಿದವರು ವಯಸ್ಸಿನಲ್ಲಿ ಚಿಕ್ಕವರಾದ, ಅನುಭವ ಕಡಿಮೆಯಿದ್ದ, ಮನಸ್ಸಿನಲ್ಲಿ ಲಿಂಗ ಪೂರ್ವಗ್ರಹ ಹೆಚ್ಚಿದ್ದ ಅಧಿಕಾರಿಗಳು. ಪೆಟ್ಟು ತಿಂದವರು ಬಹುಪಾಲು ಪುರುಷ ಪ್ರಧಾನ ಕ್ಷೇತ್ರಗಳಿಗೆ ಕಾಲಿಟ್ಟ ಮಹಿಳೆಯರು. ಅಂಕಿ ಅಂಶದ ಪಟ್ಟಿಯಲ್ಲಿ ಆ ಬ್ಯಾಂಕು ನಿಷ್ಪಕ್ಷಪಾತಿಯಾಗಿಯೇ ಕಾಣುತ್ತದೆ, ಏಕೆಂದರೆ ಸಾಲ ‘ಮಂಜೂರಾಗಿದೆ’. ಜಾಮೀನಿಗೆ ಸಹಿ ಹಾಕುವವರು ಸಿಗದೆ ಆಕೆ ಅರ್ಧದಲ್ಲೇ ಕೈಬಿಟ್ಟದ್ದು, ಅಥವಾ ಸಹಿ ಹಾಕಿದ ಗಂಡನೋ ಅಣ್ಣನೋ ಅಂದಿನಿಂದ ಉದ್ಯಮದ ಪ್ರತಿ ತೀರ್ಮಾನದಲ್ಲೂ ಮಾತು ಸೇರಿಸತೊಡಗಿದ್ದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇಟಲಿಯ ಅನುಭವ ಇನ್ನೂ ನೇರವಾದದ್ದು. ಅಲ್ಲಿನ ಏಕಮಾಲೀಕತ್ವದ ಉದ್ಯಮಗಳಿಗೆ ಬ್ಯಾಂಕುಗಳು ಕೊಟ್ಟ, ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಸೌಲಭ್ಯದ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಮಹಿಳೆಯರು ಪುರುಷರಿಗಿಂತ ಹೆಚ್ಚಿನ ಬಡ್ಡಿ ತೆರುತ್ತಿದ್ದುದನ್ನು 2013ರಲ್ಲಿ ಪ್ರಕಟಿಸಿದರು. ಮಹಿಳೆಯರಿಗೆ ಕೊಟ್ಟ ಸಾಲ ಹೆಚ್ಚು ಅಪಾಯಕಾರಿ ಎನ್ನಲು ಅವರಿಗೆ ಯಾವ ಆಧಾರವೂ ಸಿಗಲಿಲ್ಲ. ಮಹಿಳೆಗೆ ಮತ್ತೊಬ್ಬ ಮಹಿಳೆಯೇ ಜಾಮೀನು ನಿಂತಾಗಲಂತೂ ದರ ಎಲ್ಲಕ್ಕಿಂತ ಮೇಲಿತ್ತು. ಬಡ್ಡಿಯಲ್ಲಿ ಕಾಣುವ ಸಣ್ಣ ಏರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲಾಭದ ಅಂಚು ತೆಳುವಾಗಿರುವ ಉದ್ಯಮಕ್ಕೆ ಪ್ರತಿ ತಿಂಗಳೂ ತೆರಬೇಕಾದ ಹೆಚ್ಚುವರಿ ಬಡ್ಡಿ, ವ್ಯಾಪಾರ ಮಂದಗತಿಯಲ್ಲಿರುವ ತಿಂಗಳಲ್ಲಿ ದುಡಿಯುವ ಬಂಡವಾಳವನ್ನೇ ತಿಂದುಹಾಕುತ್ತದೆ. ಅಂಥ ಎರಡು ಮೂರು ತಿಂಗಳು ಒಟ್ಟೊಟ್ಟಿಗೆ ಬಂದರೆ ಉದ್ಯಮ ಮುಚ್ಚುತ್ತದೆ, ಮತ್ತು ಮುಚ್ಚಿದ ಕಾರಣವನ್ನು ‘ಮಾರಾಟ ಕುಸಿತ’ ಎಂದು ಬರೆದುಕೊಳ್ಳಲಾಗುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಅಂದಾಜಿಸಿದಂತೆ ಅಭಿವೃದ್ಧಿಶೀಲ ದೇಶಗಳ ಉದ್ಯಮಗಳಲ್ಲಿ ಮಹಿಳೆಯರವು ಶೇ 28ರಷ್ಟಿದ್ದರೂ, ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳು ಎದುರಿಸುವ ಸಾಲದ ಕೊರತೆಯಲ್ಲಿ ಅವರ ಪಾಲು ಶೇ 32ರಷ್ಟಿತ್ತು.

ಕಾನೂನಿನ ಬೇಲಿ ಎಷ್ಟು ಇತ್ತೀಚಿನವರೆಗೂ ಇತ್ತೆಂಬುದನ್ನು ಮರೆಯುವುದು ಸುಲಭ. ಅಮೆರಿಕದಂಥ ದೇಶದಲ್ಲೂ ಸಾಲ ಕೊಡುವಾಗ ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿದ ಕಾಯಿದೆ ಬಂದದ್ದು 1974ರಲ್ಲಿ. ಉದ್ಯಮದ ಸಾಲಕ್ಕೆ ಮಹಿಳೆ ಪುರುಷ ಸಂಬಂಧಿಕನ ಸಹಿ ತರಬೇಕೆಂದು ಕೆಲವು ರಾಜ್ಯಗಳಲ್ಲಿ ಉಳಿದಿದ್ದ ನಿಯಮಕ್ಕೆ ತೆರೆ ಬಿದ್ದದ್ದು 1988ರ ಮಹಿಳಾ ಉದ್ಯಮ ಒಡೆತನ ಕಾಯಿದೆಯಿಂದ. ಅಂದರೆ ಇಂದು ವೃತ್ತಿಯ ಕೊನೆಯ ಘಟ್ಟದಲ್ಲಿರುವ ಉದ್ಯಮಿಗಳು ತಮ್ಮ ಯೌವನದಲ್ಲಿ ಈ ಬೇಲಿಯನ್ನು ಕಣ್ಣಾರೆ ಕಂಡವರು. ವಿಶ್ವಬ್ಯಾಂಕಿನ 2024ರ ವರದಿಯ ಪ್ರಕಾರ ಜಗತ್ತಿನ ಸರಾಸರಿ ಮಹಿಳೆಗೆ ಪುರುಷನಿಗಿರುವ ಕಾನೂನು ರಕ್ಷಣೆಯ ಶೇ 64ರಷ್ಟು ಮಾತ್ರ ಇದೆ. ಜಮೀನು ಮತ್ತು ಮನೆ ಯಾರ ಹೆಸರಿನಲ್ಲಿವೆ ಎಂಬುದೇ ಅಡಮಾನದ ಪ್ರಶ್ನೆಯನ್ನು ತೀರ್ಮಾನಿಸುವುದರಿಂದ, ಉತ್ತರಾಧಿಕಾರದ ಕಾನೂನು ಕೂಡ ಉದ್ಯಮ ನೀತಿಯ ಭಾಗವೇ ಆಗಿದೆ.

ಹಣ ಕೈಗೆ ಬಂದರೆ ಸಾಕೇ ಎಂಬುದು ಮುಂದಿನ ಪ್ರಶ್ನೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದಕ್ಕೆ ಸಿಕ್ಕ ಉತ್ತರ. ಶ್ರೀಲಂಕಾದಲ್ಲಿ 2005ರಲ್ಲಿ ಆರಂಭವಾದ ಹೆಸರಾಂತ ಪ್ರಯೋಗವೊಂದರಲ್ಲಿ ಅತಿ ಸಣ್ಣ ಉದ್ಯಮಗಳ ಮಾಲೀಕರಿಗೆ ಲಾಟರಿ ಎತ್ತಿದಂತೆ ಆರಿಸಿ ಅಲ್ಲಿನ 10,000 ಅಥವಾ 20,000 ರೂಪಾಯಿಗಳ ನೆರವನ್ನು ಉಚಿತವಾಗಿ ಕೊಡಲಾಯಿತು. ಪುರುಷರ ಉದ್ಯಮಗಳಲ್ಲಿ ಲಾಭ ಗಣನೀಯವಾಗಿ ಏರಿತು. ಮಹಿಳೆಯರ ಉದ್ಯಮಗಳಲ್ಲಿ ಸರಾಸರಿ ಏರಿಕೆಯೇ ಕಾಣಲಿಲ್ಲ. ಘಾನಾದಲ್ಲಿ ನಡೆದ ಇದೇ ಬಗೆಯ ಪ್ರಯೋಗದಲ್ಲೂ ಮಹಿಳೆಯರಿಗೆ ನಗದು ಕೊಟ್ಟಾಗ ಲಾಭ ಏರಲಿಲ್ಲ. ಸರಕು ಅಥವಾ ಸಲಕರಣೆಯ ರೂಪದಲ್ಲಿ ಕೊಟ್ಟಾಗ, ಅದೂ ಮೊದಲೇ ಸ್ವಲ್ಪ ಚೆನ್ನಾಗಿ ನಡೆಯುತ್ತಿದ್ದ ಉದ್ಯಮಗಳಲ್ಲಿ ಮಾತ್ರ ಏರಿತು. ಈ ಫಲಿತಾಂಶಗಳನ್ನು ಮೇಲ್ನೋಟಕ್ಕೆ ಓದಿದವರು ಮಹಿಳೆಯರಿಗೆ ಬಂಡವಾಳ ಕೊಡುವುದು ವ್ಯರ್ಥ ಎಂದುಕೊಂಡರು. ಶ್ರೀಲಂಕಾದ ಸಂಶೋಧಕರೇ ಸಾಮರ್ಥ್ಯ, ಧೈರ್ಯ, ಮನೋಭಾವ ಯಾವುದೂ ಈ ಅಂತರಕ್ಕೆ ಕಾರಣವಲ್ಲವೆಂದು ತೋರಿಸಿದ್ದರು. ಗಂಡ–ಹೆಂಡತಿ ಹೆಚ್ಚು ಸಹಕಾರದಿಂದ ನಡೆದುಕೊಳ್ಳುವ ಮನೆಗಳಲ್ಲಿ ನಷ್ಟ ಕಡಿಮೆ ಎಂಬ ಸುಳಿವನ್ನೂ ಕೊಟ್ಟಿದ್ದರು.

ಆ ಸುಳಿವನ್ನು ಹಿಡಿದು ಹೊರಟ ಬೇರೊಂದು ತಂಡ 2019ರಲ್ಲಿ ಭಾರತ, ಶ್ರೀಲಂಕಾ ಮತ್ತು ಘಾನಾದ ಮಾಹಿತಿಯನ್ನು ಹೊಸದಾಗಿ ಬಿಡಿಸಿ ನೋಡಿತು. ಅವರು ಕೇಳಿದ್ದು ಸರಳ ಪ್ರಶ್ನೆ: ಹಣ ಪಡೆದ ಮಹಿಳೆಯ ಮನೆಯಲ್ಲಿ ಬೇರೆ ಉದ್ಯಮವೂ ಇದೆಯೇ? ಇದ್ದ ಮನೆಗಳಲ್ಲಿ ಮಹಿಳೆಗೆ ಬಂದ ಹಣ ಗಂಡನ ಉದ್ಯಮಕ್ಕೆ ಹರಿದಿತ್ತು, ಮತ್ತು ಅಲ್ಲಿ ಅದು ಲಾಭವನ್ನೂ ತಂದಿತ್ತು. ಆಕೆಯ ಉದ್ಯಮದ ಲೆಕ್ಕದಲ್ಲಿ ಮಾತ್ರ ಶೂನ್ಯ ಕಾಣುತ್ತಿತ್ತು. ಮನೆಯಲ್ಲಿ ಆಕೆಯದೊಂದೇ ಉದ್ಯಮವಿದ್ದ ಕಡೆ ಆಕೆಯ ಲಾಭ ಪುರುಷರ ಲಾಭಕ್ಕೆ ಸರಿಗಟ್ಟುವಂತೆ ಏರಿತ್ತು. ಸಂಶೋಧಕರು ಅಂಗಡಿಯ ಲೆಕ್ಕವನ್ನು ಬಿಟ್ಟು ಮನೆಯ ಲೆಕ್ಕವನ್ನು ನೋಡಿದಾಗ, ವರ್ಷಗಟ್ಟಲೆ ಮಹಿಳೆಯರ ಅಸಾಮರ್ಥ್ಯಕ್ಕೆ ಸಾಕ್ಷಿಯೆಂಬಂತೆ ಉಲ್ಲೇಖವಾಗುತ್ತಿದ್ದ ಅಂಕಿಗೆ ಬೇರೆಯೇ ಅರ್ಥ ಬಂತು. ಒಬ್ಬಳ ಹೆಸರಿನಲ್ಲಿ ಸಾಲ, ಇನ್ನೊಬ್ಬನ ಉದ್ಯಮದಲ್ಲಿ ಹೂಡಿಕೆ, ಮರುಪಾವತಿಯ ಹೊಣೆ ಮತ್ತೆ ಅವಳ ತಲೆಯ ಮೇಲೆ: ಈ ಏರ್ಪಾಡಿನಲ್ಲಿ ಮೊದಲು ಸೊರಗುವುದು ಅವಳ ಉದ್ಯಮವೇ.

ಇಡೀ ಕುಟುಂಬಕ್ಕೆ ಇದು ಲಾಭದಾಯಕವಾಗಿದ್ದರೆ ತಕರಾರೇನು ಎಂದು ಕೇಳಬಹುದು. ಕುಟುಂಬದ ಆದಾಯ ಏರಿದ್ದು ನಿಜ, ಗಂಡನ ಉದ್ಯಮ ಹೆಚ್ಚು ಲಾಭದ ಕ್ಷೇತ್ರದಲ್ಲಿದ್ದರೆ ಹಣ ಅಲ್ಲಿಗೆ ಹೋಗುವುದು ಲೆಕ್ಕಾಚಾರದ ದೃಷ್ಟಿಯಿಂದ ಸರಿಯೂ ಇರಬಹುದು. ಆದರೆ ಆ ತೀರ್ಮಾನ ಅವಳದಾಗಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಉಗಾಂಡದ ಪ್ರಯೋಗವೊಂದು ಇದಕ್ಕೆ ಒಂದು ಮಟ್ಟಿಗೆ ಉತ್ತರ ಕೊಡುತ್ತದೆ. ಕಿರು ಸಾಲ ಪಡೆಯುವ ಸುಮಾರು 3,000 ಮಹಿಳೆಯರ ಪೈಕಿ ಕೆಲವರಿಗೆ ಸಾಲವನ್ನು ಎಂದಿನಂತೆ ನಗದಾಗಿಯೂ, ಕೆಲವರಿಗೆ ಅವರದೇ ಹೆಸರಿನ ಮೊಬೈಲ್ ಹಣ ಖಾತೆಗೂ ಕೊಡಲಾಯಿತು. ಸಾಲದ ಮೊತ್ತ ಅದೇ, ಷರತ್ತು ಅದೇ. ಖಾತೆಗೆ ಹಣ ಬಂದವರ ಉದ್ಯಮದ ಲಾಭ ಶೇ 15ರಷ್ಟು, ಉದ್ಯಮದಲ್ಲಿನ ಬಂಡವಾಳ ಶೇ 11ರಷ್ಟು ಹೆಚ್ಚಿತು, ಮತ್ತು ಈ ಪರಿಣಾಮ ಎದ್ದು ಕಂಡದ್ದು ಮನೆಯವರಿಗೆ ಹಣ ಕೊಡಬೇಕಾದ ಒತ್ತಡ ಹೆಚ್ಚಿದ್ದ ಮಹಿಳೆಯರಲ್ಲಿ. ನೋಟಿನ ಕಟ್ಟು ಕೈಯಲ್ಲಿ ಹಿಡಿದು ಮನೆಗೆ ಬಂದ ದಿನವೇ ಅದರ ಮೇಲೆ ಹತ್ತು ಜನರ ಕಣ್ಣು ಬೀಳುತ್ತದೆ. ಮೊಬೈಲಿನಲ್ಲಿದ್ದ ಹಣವನ್ನು ಆಕೆ ತನಗೆ ಬೇಕಾದ ದಿನ, ಬೇಕಾದ ಸರಕಿಗೆ ಬಳಸಬಲ್ಲಳು. ಹಣ ಹೇಗೆ ತಲುಪುತ್ತದೆ ಎಂಬ ಒಂದೇ ಬದಲಾವಣೆ ಇಷ್ಟು ಕೆಲಸ ಮಾಡಿತು ಎಂಬುದನ್ನು ಸಾಲ ಯೋಜನೆಗಳನ್ನು ರೂಪಿಸುವವರು ಗಮನಿಸಬೇಕು.

ಹಣದಷ್ಟೇ ಬಿಗಿಯಾದದ್ದು ಸಮಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆಯ ಕೆಲಸದ ಒಟ್ಟು ತಾಸುಗಳಲ್ಲಿ ಶೇ 76.2ರಷ್ಟನ್ನು ಮಹಿಳೆಯರೇ ಮಾಡುತ್ತಾರೆ. ಉದ್ಯಮದಲ್ಲಿ ಇದರ ಪರಿಣಾಮ ಏನೆಂಬುದನ್ನು ಉಗಾಂಡದ ಔಷಧ ಅಂಗಡಿಗಳ ಅಧ್ಯಯನವೊಂದು ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ಅಲ್ಲಿ ಗಣನೀಯ ಸಂಖ್ಯೆಯ ಮಾಲೀಕ ಮಹಿಳೆಯರು ಚಿಕ್ಕ ಮಗುವನ್ನು ಅಂಗಡಿಗೇ ಕರೆತಂದು ವ್ಯಾಪಾರ ನಡೆಸುತ್ತಿದ್ದರು. ಗಿರಾಕಿಗೆ ಮಾತ್ರೆ ಎಣಿಸಿ ಕೊಡುವ ನಡುವೆ ಮಗುವನ್ನು ಸಮಾಧಾನಪಡಿಸಬೇಕು, ಸಗಟು ಖರೀದಿಗೆ ಹೋಗಬೇಕಾದ ದಿನ ಮಗುವನ್ನು ಎಲ್ಲಿ ಬಿಡುವುದೆಂಬ ಚಿಂತೆ ಮೊದಲು ಬರುತ್ತದೆ. ಮಗುವಿನೊಂದಿಗೆ ಅಂಗಡಿ ನಡೆಸುತ್ತಿದ್ದವರ ಲಾಭ ಉಳಿದವರಿಗಿಂತ ಬಹಳ ಕಡಿಮೆಯಿತ್ತು, ಮತ್ತು ಗಂಡು–ಹೆಣ್ಣು ಮಾಲೀಕರ ನಡುವಿನ ಲಾಭದ ಅಂತರದ ದೊಡ್ಡ ಪಾಲಿಗೆ ಇದೇ ವಿವರಣೆಯಾಗಿತ್ತು. ಮಹಿಳೆಯರು ‘ಬೆಳೆಯುವ ಮಹತ್ವಾಕಾಂಕ್ಷೆ ಇಲ್ಲದವರು’ ಎಂಬ ವ್ಯಾಖ್ಯಾನವನ್ನು ಇಂಥ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಮನೆಯ ಹತ್ತಿರ, ತನ್ನ ವೇಳೆಗೆ ಹೊಂದುವ, ಮಧ್ಯಾಹ್ನ ಬಾಗಿಲು ಹಾಕಿ ಹೋಗಬಹುದಾದ ಉದ್ಯಮವನ್ನು ಆಕೆ ಆರಿಸಿಕೊಂಡದ್ದು ಆಯ್ಕೆಯೇ ಹೌದು, ಆದರೆ ಆ ಆಯ್ಕೆಯ ಪಟ್ಟಿಯನ್ನು ಬರೆದವರು ಬೇರೆಯವರು.

ಕ್ಷೇತ್ರದ ವಿಚಾರವನ್ನು ಇದರ ಮುಂದುವರಿಕೆಯಾಗಿಯೇ ನೋಡಬೇಕು. ಉಗಾಂಡದ ರಾಜಧಾನಿ ಕಂಪಾಲಾ ನಗರದಲ್ಲಿ ಲೋಹದ ಕೆಲಸದಂಥ, ಗಂಡಸರದೇ ಎನಿಸಿಕೊಂಡ ಕ್ಷೇತ್ರಗಳಿಗೆ ದಾಟಿಕೊಂಡ ಮಹಿಳೆಯರನ್ನು ವಿಶ್ವಬ್ಯಾಂಕಿನ ಸಂಶೋಧಕರು ಮಾತನಾಡಿಸಿದಾಗ, ಅವರು ಅದೇ ಕ್ಷೇತ್ರದ ಪುರುಷರಷ್ಟೇ ಗಳಿಸುತ್ತಿದ್ದುದೂ, ಹೆಂಗಸರ ಕ್ಷೇತ್ರಗಳಲ್ಲೇ ಉಳಿದ ಮಹಿಳೆಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಗಳಿಸುತ್ತಿದ್ದುದೂ ತಿಳಿಯಿತು. ಹಾಗೆ ದಾಟಿದವರಿಗೆ ಹೆಚ್ಚು ಓದಾಗಲಿ ವಿಶೇಷ ಜಾಣ್ಮೆಯಾಗಲಿ ಇತ್ತೆಂದಲ್ಲ. ಬಹಳಷ್ಟು ಜನರಿಗೆ ಆ ಕೆಲಸವನ್ನು ಪರಿಚಯಿಸಿ ಕೈಹಿಡಿದು ಕಲಿಸಿದ ಒಬ್ಬ ಹಿರಿಯರಿದ್ದರು, ಹೆಚ್ಚಾಗಿ ಒಬ್ಬ ಪುರುಷ. ದಾಟದೆ ಉಳಿದವರಲ್ಲಿ ಅನೇಕರಿಗೆ ಆ ಕಡೆ ಅಷ್ಟು ಗಳಿಕೆಯಿದೆ ಎಂಬುದೇ ಗೊತ್ತಿರಲಿಲ್ಲ. ಬಂಡವಾಳದಷ್ಟೇ ಮಾಹಿತಿಯೂ ಹಂಚಿಕೆಯಾಗದ ಸಂಪತ್ತು. ಇದನ್ನು ಟರ್ಕಿಯ ಪ್ರಯೋಗದೊಂದಿಗೆ ಜೋಡಿಸಿದರೆ ಸುಳಿ ಎಷ್ಟು ಬಿಗಿಯೆಂಬುದು ಗೊತ್ತಾಗುತ್ತದೆ: ಲಾಭವಿರುವ ಕ್ಷೇತ್ರಕ್ಕೆ ದಾಟಲು ಹೊರಟವಳಿಗೇ ಸಾಲದ ಬಾಗಿಲಲ್ಲಿ ಹೆಚ್ಚು ತಡೆ.

ಉದ್ಯಮ ಮುಚ್ಚಿದ್ದನ್ನೆಲ್ಲ ಸೋಲೆಂದು ಕರೆಯುವ ರೂಢಿಯೂ ಈ ಚರ್ಚೆಯನ್ನು ಹಾದಿ ತಪ್ಪಿಸಿದೆ. ಅಮೆರಿಕದ ಗಣತಿ ಮಾಹಿತಿಯನ್ನು ಆಧರಿಸಿ 2003ರಲ್ಲಿ ಬಂದ ವಿಶ್ಲೇಷಣೆಯೊಂದು, ಮುಚ್ಚಿದ ಉದ್ಯಮಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಮುಚ್ಚುವಾಗ ಯಶಸ್ವಿಯಾಗಿಯೇ ಇದ್ದವೆಂದು ಅವುಗಳ ಮಾಲೀಕರು ಹೇಳಿದ್ದನ್ನು ದಾಖಲಿಸಿದೆ. ಸ್ಪೇನಿನ ಉದ್ಯಮಿಗಳ ಕುರಿತ 2015ರ ಅಧ್ಯಯನದಲ್ಲಿ ಮಹಿಳೆಯರು ಪುರುಷರಿಗಿಂತ ಹೆಚ್ಚಾಗಿ ಸ್ವಇಚ್ಛೆಯಿಂದ, ವೈಯಕ್ತಿಕ ಕಾರಣಗಳಿಗಾಗಿ ಉದ್ಯಮದಿಂದ ಹೊರಬಂದದ್ದು ಕಂಡಿತು; ನಷ್ಟದಿಂದ ಮುಳುಗಿ ಹೊರಬಂದವರ ಪ್ರಮಾಣ ಅವರಲ್ಲಿ ಹೆಚ್ಚಿರಲಿಲ್ಲ. ‘ಸ್ವಇಚ್ಛೆ’ ಎಂಬುದನ್ನೂ ಪೂರ್ತಿ ನಂಬುವಂತಿಲ್ಲ. ವಯಸ್ಸಾದ ಅತ್ತೆಯ ಶುಶ್ರೂಷೆಗಾಗಿ ಚೆನ್ನಾಗಿ ನಡೆಯುತ್ತಿದ್ದ ಉದ್ಯಮವನ್ನು ಮುಚ್ಚಿದವಳನ್ನು ಯಾವ ಖಾನೆಯಲ್ಲಿ ಬರೆಯಬೇಕು? ಅವಳದು ವ್ಯಾಪಾರದ ಸೋಲಲ್ಲ, ಆದರೆ ಪೂರ್ಣ ಸ್ವಾತಂತ್ರ್ಯದ ನಿರ್ಧಾರವೂ ಅಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಉಳಿದಿರುವುದೆಲ್ಲ ಏಳಿಗೆಯ ಲಕ್ಷಣವಲ್ಲ. ಒಬ್ಬರು ತಮ್ಮ ಉದ್ಯಮವನ್ನು ಮುಚ್ಚುವುದು ಅದರ ಗಳಿಕೆ ಕಡಿಮೆಯಾದಾಗಲೇ ಅಲ್ಲ, ಅದಕ್ಕಿಂತ ಉತ್ತಮವಾದ ಬೇರೆ ದಾರಿ ಕಂಡಾಗ. ಕೂಲಿಯ ಮಾರುಕಟ್ಟೆಯಲ್ಲಿ ಮಹಿಳೆಗೆ ಒಳ್ಳೆಯ ಕೆಲಸ ಸಿಗದ ಕಡೆ, ದಿನವಿಡೀ ದುಡಿದರೂ ಕೈಗೆ ಅಲ್ಪ ಬರುವ ಉದ್ಯಮವನ್ನು ಆಕೆ ವರ್ಷಗಟ್ಟಲೆ ಎಳೆದುಕೊಂಡು ಹೋಗುತ್ತಾಳೆ. ಅಂಕಿಯಲ್ಲಿ ಅದು ಹತ್ತು ವರ್ಷ ಬಾಳಿದ ಉದ್ಯಮ. ಹಾಗಾಗಿ ಉಳಿವಿನ ಪ್ರಮಾಣವೊಂದನ್ನೇ ಯೋಜನೆಯ ಯಶಸ್ಸಿನ ಅಳತೆಯಾಗಿ ಇಟ್ಟುಕೊಳ್ಳುವ ಸಂಸ್ಥೆಗಳು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಿರುತ್ತವೆ.

ಆಘಾತದ ಕಾಲದಲ್ಲಿ ಈ ಎಲ್ಲ ಎಳೆಗಳೂ ಒಂದೇ ಕಡೆ ಬಿಗಿಯುತ್ತವೆ. ಕೋವಿಡ್ ಹರಡಿದ 2020ರ ಫೆಬ್ರುವರಿಯಿಂದ ಏಪ್ರಿಲ್ ನಡುವೆ ಅಮೆರಿಕದಲ್ಲಿ ಸಕ್ರಿಯ ಉದ್ಯಮ ಮಾಲೀಕರ ಸಂಖ್ಯೆ ಶೇ 22ರಷ್ಟು ಕುಸಿದಾಗ, ಮಹಿಳಾ ಮಾಲೀಕರಲ್ಲಿ ಕುಸಿತ ಶೇ 25, ಪುರುಷರಲ್ಲಿ ಶೇ 20. ಜನರೊಂದಿಗೆ ಮುಖಾಮುಖಿ ವ್ಯವಹರಿಸಬೇಕಾದ ಸೇವೆಗಳಲ್ಲಿ ಮಹಿಳೆಯರು ಹೆಚ್ಚಿದ್ದದ್ದು, ಕೈಯಲ್ಲಿ ತುರ್ತಿಗೆಂದು ಇಟ್ಟ ಹಣ ಕಡಿಮೆಯಿದ್ದದ್ದು, ಶಾಲೆ ಮುಚ್ಚಿದೊಡನೆ ಮಕ್ಕಳ ಹೊಣೆ ಅವರ ಮೇಲೇ ಬಿದ್ದದ್ದು, ಇವೆಲ್ಲ ಒಮ್ಮೆಗೇ ಸೇರಿಕೊಂಡವು. ಅಂದಿನ ಅಂತರವನ್ನು ಕೋವಿಡ್ ಸೃಷ್ಟಿಸಲಿಲ್ಲ. ಮೊದಲೇ ಇದ್ದದ್ದು ಬಯಲಿಗೆ ಬಂತು.

ಪರಿಹಾರದ ಮಾತಿಗೆ ಬಂದರೆ, ದಶಕಗಳಿಂದ ಹೆಚ್ಚು ನೆಚ್ಚಿಕೊಂಡ ಎರಡು ದಾರಿಗಳು ಕಿರು ಸಾಲ ಮತ್ತು ಲೆಕ್ಕ ಬರೆಯುವುದನ್ನು ಹೇಳಿಕೊಡುವ ತರಬೇತಿ. ಎರಡಕ್ಕೂ ತಮ್ಮದೇ ಮಿತಿಯಿದೆ. ಆರು ದೇಶಗಳ ಪ್ರಯೋಗಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕಿರು ಸಾಲದ ಪರಿಣಾಮ ಸಾಧಾರಣ ಮಟ್ಟಿಗೆ ಒಳ್ಳೆಯದು, ಆದರೆ ಬದುಕನ್ನೇ ಬದಲಿಸುವಂಥದ್ದಲ್ಲ ಎಂಬುದು ಸ್ಪಷ್ಟವಾಯಿತು. ಸಾಲ ಪಡೆದ ಎರಡೇ ವಾರಕ್ಕೆ ಕಂತು ಕಟ್ಟಬೇಕೆಂಬ ನಿಯಮವೇ ಒಂದು ಅಡ್ಡಿ. ಕೋಲ್ಕತ್ತದ ಮಹಿಳಾ ಸಾಲಗಾರರಲ್ಲಿ ಕೆಲವರಿಗೆ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟು ನೋಡಿದಾಗ ಉದ್ಯಮದಲ್ಲಿ ಹೂಡಿಕೆ ಹೆಚ್ಚಿತು, ವರ್ಷಗಳ ನಂತರ ಲಾಭವೂ ಹೆಚ್ಚಿತ್ತು. ಸಾಲ ತೀರಿಸದೆ ಸುಸ್ತಿಯಾದವರ ಪ್ರಮಾಣವೂ ಏರಿತು ಎಂಬುದನ್ನು ಮುಚ್ಚಿಡಬಾರದು. ಫಲ ಕೊಡಲು ಸಮಯ ಬೇಕಾದ ಹೂಡಿಕೆಯಲ್ಲಿ ಅಪಾಯವೂ ಇರುತ್ತದೆ, ಆ ಅಪಾಯದ ಒಂದು ಪಾಲನ್ನು ಸಾಲ ಕೊಡುವವರೂ ಹೊರಬೇಕಾಗುತ್ತದೆ. ತರಬೇತಿಯ ವಿಷಯದಲ್ಲಿ ಟೋಗೋ ದೇಶದ 1,500 ಸಣ್ಣ ಉದ್ಯಮಿಗಳ ಮೇಲಿನ ಪ್ರಯೋಗ, 2017ರಲ್ಲಿ ಪ್ರಕಟವಾದದ್ದು, ಗಮನಾರ್ಹ. ತಾವಾಗಿ ಮುನ್ನುಗ್ಗುವುದು, ಅಡ್ಡಿ ಬಂದಾಗ ಬೇರೆ ದಾರಿ ಹುಡುಕುವುದು, ಗುರಿಗೆ ಅಂಟಿಕೊಳ್ಳುವುದು, ಇಂಥ ಮನೋಧರ್ಮವನ್ನು ರೂಢಿಸುವ ತರಬೇತಿ ಪಡೆದವರ ಲಾಭ ಶೇ 30ರಷ್ಟು ಏರಿತು. ಸಾಂಪ್ರದಾಯಿಕ ವ್ಯವಹಾರ ತರಬೇತಿಯಿಂದ ಕಂಡ ಶೇ 11ರ ಏರಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾಗಿರಲಿಲ್ಲ.

ನನ್ನ ದೃಷ್ಟಿಯಲ್ಲಿ ತಕ್ಕಷ್ಟು ಗಮನ ಸಿಗದ ಕ್ಷೇತ್ರವೆಂದರೆ ಸರ್ಕಾರಿ ಖರೀದಿ. ಸಾಲ ಎಷ್ಟು ಕೊಟ್ಟರೂ ಕೊಳ್ಳುವವರಿಲ್ಲದ ಉದ್ಯಮ ಉಳಿಯದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಗುತ್ತಿಗೆಗಳ ಮೊತ್ತದಲ್ಲಿ ಶೇ 5ರಷ್ಟು ಮಹಿಳಾ ಒಡೆತನದ ಸಣ್ಣ ಉದ್ಯಮಗಳಿಗೆ ಹೋಗಬೇಕೆಂದು 1994ರಲ್ಲಿ ಗುರಿ ಇಟ್ಟರು. ಅದು ಮೊದಲ ಬಾರಿಗೆ ಈಡೇರಿದ್ದು 2015ರ ಹಣಕಾಸು ವರ್ಷದಲ್ಲಿ. ಇಪ್ಪತ್ತು ವರ್ಷ ಹಿಡಿದ ಈ ವಿಳಂಬಕ್ಕೆ ಮಹಿಳೆಯರ ಅಸಾಮರ್ಥ್ಯ ಕಾರಣವೆನ್ನಲು ಸಾಧ್ಯವಿಲ್ಲ. ಗುರಿಯನ್ನು ಕಾಗದದ ಮೇಲೆ ಬರೆಯುವುದಕ್ಕೂ, ಮೀಸಲು ಗುತ್ತಿಗೆಯ ನಿಯಮ ರೂಪಿಸಿ, ದೊಡ್ಡ ಗುತ್ತಿಗೆಗಳನ್ನು ಚಿಕ್ಕ ಉದ್ಯಮ ಹೊರಬಲ್ಲ ಗಾತ್ರಕ್ಕೆ ಒಡೆದು, ಬಿಲ್ಲಿನ ಹಣವನ್ನು ಸಕಾಲಕ್ಕೆ ಪಾವತಿಸುವುದಕ್ಕೂ ಬಹಳ ದೂರ. ಮೂರು ತಿಂಗಳು ಬಾಕಿ ಉಳಿಯುವ ಬಿಲ್ಲನ್ನು ದೊಡ್ಡ ಸಂಸ್ಥೆ ತಾಳಿಕೊಳ್ಳುತ್ತದೆ. ಓವರ್‌ಡ್ರಾಫ್ಟಿಗೆ ಹೆಚ್ಚು ಬಡ್ಡಿ ತೆರುವ ಚಿಕ್ಕ ಉದ್ಯಮಕ್ಕೆ ಅದೇ ಬಿಲ್ಲು ಕೊನೆಯ ಪೆಟ್ಟಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಉದ್ಯಮಗಳ ದಾಖಲಾತಿಯಲ್ಲಿ ಕೇಳುವ ಪ್ರಶ್ನೆಗಳು ಬದಲಾಗದಿರುವುದು ಬೇಸರದ ಸಂಗತಿ. ನೋಂದಣಿಯ ಅರ್ಜಿ ಮಾಲೀಕರ ಹೆಸರನ್ನು ಕೇಳುತ್ತದೆ, ದಿನನಿತ್ಯದ ತೀರ್ಮಾನ ಯಾರದೆಂದು ಕೇಳುವುದಿಲ್ಲ. ಸಾಲದ ಪರಿಶೀಲನೆಯಲ್ಲಿ ಮಂಜೂರಾತಿಯ ಪ್ರಮಾಣವನ್ನು ಲಿಂಗವಾರು ಪ್ರಕಟಿಸುವ ಕಡೆಯೂ ಜಾಮೀನಿನ ಬೇಡಿಕೆ, ಬಡ್ಡಿ ದರ, ಅರ್ಧದಲ್ಲೇ ಹಿಂತೆಗೆದುಕೊಂಡ ಅರ್ಜಿಗಳ ಸಂಖ್ಯೆ ಇವನ್ನು ಪ್ರಕಟಿಸುವುದು ಅಪರೂಪ. ಪರವಾನಗಿ ರದ್ದತಿಗೆ ಬಂದವರನ್ನು ಉದ್ಯಮ ಲಾಭದಲ್ಲಿತ್ತೇ, ಹಣದ ಕೊರತೆಯೇ, ಆರೈಕೆಯ ಹೊಣೆಯೇ, ಉತ್ತಮ ಕೆಲಸ ಸಿಕ್ಕಿತೇ ಎಂದು ವಿಚಾರಿಸಲು ಒಂದು ಪುಟದ ಪ್ರಶ್ನಾವಳಿ ಸಾಕು. ಮನೆಯಲ್ಲಿ ಬೇರೆ ಉದ್ಯಮವಿದೆಯೇ ಎಂಬ ಒಂದು ಸಾಲನ್ನು ಸೇರಿಸಿದ್ದರಿಂದಲೇ ಶ್ರೀಲಂಕಾ ಮತ್ತು ಘಾನಾದ ಫಲಿತಾಂಶಗಳ ಅರ್ಥ ತಿರುವುಮುರುವಾಯಿತು. ಸಾಲ ಕೊಡುವ ಸಂಸ್ಥೆಗಳೂ ಅಂಕಿ ಸಂಗ್ರಹಿಸುವ ಇಲಾಖೆಗಳೂ ಆ ಒಂದು ಸಾಲನ್ನು ತಮ್ಮ ಅರ್ಜಿಗಳಲ್ಲಿ ಈಗಲೇ ಸೇರಿಸಬಹುದು. ಅದಕ್ಕೆ ಹೊಸ ಕಾಯಿದೆಯೂ ಬೇಕಿಲ್ಲ, ದೊಡ್ಡ ವೆಚ್ಚವೂ ಇಲ್ಲ.